ಪೋಲೆಂಡ್‌ನ ಲೋಹದ ವಿಮಾನಗಳು: ಮೊದಲು ಬಂದಿದ್ದೇ ತಪ್ಪಾಯಿತೆ?

1939ರ ಸೆಪ್ಟೆಂಬರ್ ಅಂದರೆ ಹಲವರಿಗೆ ನೆನಪಾಗೋದು, ಹಿಟ್ಲರನ ಟ್ಯಾಂಕುಗಳ ಮೇಲೆ ಕುದುರೆ ಏರಿ ಹೋದ ಪೋಲೆಂಡ್ ಸೈನಿಕರ ಕಥೆ. ಅದು ಬಹುಪಾಲು ಪ್ರಚಾರದ ಕೂಸು. ಅದರ ಜೊತೆಗೇ ಇನ್ನೊಂದು ನಂಬಿಕೆ ಅಂಟಿಕೊಂಡಿದೆ: ಪೋಲೆಂಡ್‌ನ ವಾಯುಪಡೆ ಓಬೀರಾಯನ ಕಾಲದ್ದು, ಮೊದಲ ದಿನವೇ ನೆಲದ ಮೇಲೆ ಸುಟ್ಟುಹೋಯಿತು ಅಂತ. ಇದೂ ಸರಿಯಲ್ಲ. ಯುದ್ಧಕ್ಕೆ ಮೊದಲೇ ಫೈಟರ್‌ಗಳನ್ನು ಗುಟ್ಟಾದ ಬಯಲುಗಳಿಗೆ ಸಾಗಿಸಲಾಗಿತ್ತು. ಅಷ್ಟೇ ಅಲ್ಲ, ಕೇವಲ ಆರು ವರ್ಷ ಹಿಂದೆ ಈ ವಿಷಯದಲ್ಲಿ ಪೋಲೆಂಡ್ ಜಗತ್ತಿಗೇ ಮುಂದಿತ್ತು.

1920ರ ದಶಕದ ಯುದ್ಧವಿಮಾನ ಅಂದರೆ ಸಾಮಾನ್ಯವಾಗಿ ಮರದ ಅಥವಾ ಲೋಹದ ಚೌಕಟ್ಟು, ಮೇಲೆ ಬಟ್ಟೆ, ಒಂದರ ಮೇಲೊಂದು ಎರಡು ರೆಕ್ಕೆ. ಮಳೆ-ಬಿಸಿಲಿಗೆ ಮರ ಉಬ್ಬುತ್ತದೆ, ಅಂಟು ಬಿಡುತ್ತದೆ. ಡ್ಯುರಾಲುಮಿನ್ ಎಂಬ ಅಲ್ಯೂಮಿನಿಯಂ ಮಿಶ್ರಲೋಹಕ್ಕೆ ಈ ಕಾಟವಿಲ್ಲ. ಹಾಳೆಯಾಗಿ ಕತ್ತರಿಸಿ, ರಿವೆಟ್ ಹೊಡೆದು, ಕಾರ್ಖಾನೆಯಲ್ಲಿ ಒಂದೇ ಅಳತೆಗೆ ತಯಾರಿಸಬಹುದು. 1928ರಲ್ಲಿ ಪೋಲೆಂಡ್ ಸರ್ಕಾರ ವಾರ್ಸಾದಲ್ಲಿ ಪಿಝಡ್‌ಎಲ್ ಎಂಬ ಸರ್ಕಾರಿ ಕಾರ್ಖಾನೆ ಕಟ್ಟಿತು. ಅಲ್ಲಿನ ಯುವ ಎಂಜಿನಿಯರ್ ಝಿಗ್ಮುಂಟ್ ಪುವಾಫ್ಸ್ಕಿ ಕಡಲಹಕ್ಕಿಯ ರೆಕ್ಕೆಯಂತೆ ಬಾಗಿದ ಒಂಟಿ ರೆಕ್ಕೆಯ ಫೈಟರ್ ರೂಪಿಸಿದರು. ರೆಕ್ಕೆ ಒಡಲಿಗೆ ಸೇರುವ ಕಡೆ ತೆಳುವಾಗಿದ್ದರಿಂದ ಪೈಲಟ್‌ಗೆ ಮುಂದಿನ ನೋಟ ಚೆನ್ನಾಗಿ ಸಿಗುತ್ತಿತ್ತು. ಪುವಾಫ್ಸ್ಕಿ 1931ರಲ್ಲಿ ತಮ್ಮದೇ ಇನ್ನೊಂದು ವಿಮಾನ ಹಾರಿಸುವಾಗ ಅಪಘಾತದಲ್ಲಿ ತೀರಿಕೊಂಡರು.

ಅವರ ಪಿ.7 ಸುಮಾರು 150 ತಯಾರಾದವು. 1933ರ ಹೊತ್ತಿಗೆ ಫೈಟರ್ ಪಡೆಯನ್ನೆಲ್ಲ ಪೂರ್ಣ ಲೋಹದ ಒಂಟಿ ರೆಕ್ಕೆಯ ವಿಮಾನಗಳಿಂದ ಸಜ್ಜುಗೊಳಿಸಿದ ಮೊದಲ ದೇಶ ಪೋಲೆಂಡ್. ಬ್ರಿಟನ್ನಿನವರು ಇನ್ನೂ ಬೈಪ್ಲೇನ್ ಹಾರಿಸುತ್ತಿದ್ದ ಕಾಲ ಅದು! ಬೆನ್ನಿಗೇ ಇನ್ನಷ್ಟು ಬಲವಾದ ಪಿ.11 ಬಂತು.

ಹಾಗಾದ್ರೆ ಎಡವಿದ್ದೆಲ್ಲಿ? ಬಡತನ ಅನ್ನೋದು ಸುಲಭದ ಉತ್ತರ, ಅದರಲ್ಲಿ ಸತ್ಯವೂ ಇದೆ. ಆದರೆ ನನ್ನ ಲೆಕ್ಕದಲ್ಲಿ ಅಸಲಿ ಗಂಟು ಇದ್ದದ್ದು ಎಂಜಿನ್‌ನಲ್ಲಿ. ಲೋಹದ ಮೈ ಸ್ವಂತದ್ದು, ಎದೆ ಬೇರೆಯವರದ್ದು. ಎಂಜಿನ್ ಬ್ರಿಟನ್ನಿನ ಬ್ರಿಸ್ಟಲ್ ಕಂಪನಿಯ ಲೈಸೆನ್ಸ್ ಮೇಲೆ ತಯಾರಾಗುತ್ತಿತ್ತು, ಹೀಗೆ ತಯಾರಾದದ್ದನ್ನು ಬೇರೆ ದೇಶಕ್ಕೆ ಮಾರುವಂತಿರಲಿಲ್ಲ. ಅದಕ್ಕೇ ರಫ್ತಿಗೆ ಫ್ರೆಂಚ್ ಎಂಜಿನ್ ಹಾಕಿದ ಪಿ.24 ಬಂತು. ಹೆಚ್ಚು ವೇಗ, ಮುಚ್ಚಿದ ಕಾಕ್‌ಪಿಟ್. ಅದು ಟರ್ಕಿ, ಗ್ರೀಸ್, ಬಲ್ಗೇರಿಯಾ, ರುಮೇನಿಯಾಗಳಿಗೆ ಹೋಯಿತು. ಪೋಲೆಂಡ್‌ನ ಸ್ಕ್ವಾಡ್ರನ್‌ಗಳಿಗೆ ಮಾತ್ರ ಸಿಗಲಿಲ್ಲ!

ಇನ್ನು ವಾಯುಪಡೆಯ ಮುಖ್ಯಸ್ಥ ಜನರಲ್ ರಾಯ್ಸ್ಕಿಯ ಒಲವು ಬಾಂಬರ್‌ಗಳ ಕಡೆ. ವೋಶ್ ಎಂಬ ಬಾಂಬರ್ ನಿಜಕ್ಕೂ ಆ ಕಾಲದ ಒಳ್ಳೆಯ ವಿಮಾನವೇ. ಆದರೆ ಹೊಸ ಫೈಟರ್ ಪಿ.50ರ ಮಾದರಿ ಹಾರಿದ್ದು 1939ರ ಫೆಬ್ರುವರಿಯಲ್ಲಿ. ಅಷ್ಟರಲ್ಲಿ ಕಾಲ ಮಿಂಚಿತ್ತು. ಅವಸರದಲ್ಲಿ ಬ್ರಿಟನ್, ಫ್ರಾನ್ಸ್‌ಗಳಿಂದ ತರಿಸಹೊರಟ ಫೈಟರ್‌ಗಳಲ್ಲಿ ಒಂದೂ ಯುದ್ಧಕ್ಕೆ ಒದಗಲಿಲ್ಲ.

ಕೊನೆಗೆ ಎದುರು ನಿಂತದ್ದು ತೆರೆದ ಕಾಕ್‌ಪಿಟ್‌ನ, ಗಂಟೆಗೆ ಹೆಚ್ಚೆಂದರೆ 375-390 ಕಿ.ಮೀ. ಓಡುವ ಪಿ.11. ಜರ್ಮನಿಯ ಮೆಸ್ಸರ್‌ಶ್ಮಿಟ್ 109ಇ 550 ದಾಟುತ್ತಿತ್ತು. ಬಾಂಬರ್‌ಗಳನ್ನು ಬೆನ್ನಟ್ಟಿ ಹಿಡಿಯೋದೂ ಕಷ್ಟ. ಹೀಗಿದ್ದೂ ಸೆಪ್ಟೆಂಬರ್ 1ರ ಬೆಳಗ್ಗೆ ಕ್ರಾಕುಫ್ ಬಳಿ ಕಮಾಂಡರ್ ಮೆದ್ವೆತ್ಸ್ಕಿ ಮೇಲೇರುತ್ತಿದ್ದಂತೆ ಗುಂಡಿಗೆ ಬಲಿಯಾದ ಮೇಲೆ, ಜೊತೆಗಿದ್ದ ಪೈಲಟ್ ಗ್ನಿಶ್ ಎರಡು ಡಾರ್ನಿಯರ್ ಬಾಂಬರ್‌ಗಳನ್ನು ಉರುಳಿಸಿದರು.

ಮರುವರ್ಷ ಇದೇ ಪೋಲಿಷ್ ಪೈಲಟ್‌ಗಳು ಬ್ರಿಟನ್ನಿನಲ್ಲಿದ್ದರು. ಅವರ 303ನೇ ಸ್ಕ್ವಾಡ್ರನ್, ಹರಿಕೇನ್ ಹಾರಿಸಿದ ಸ್ಕ್ವಾಡ್ರನ್‌ಗಳಲ್ಲೇ ಅತಿ ಹೆಚ್ಚು ಶತ್ರು ವಿಮಾನ ಬೀಳಿಸಿದ ಹೆಸರು ಪಡೆಯಿತು. ತಮಾಷೆ ನೋಡಿ, ಹರಿಕೇನ್ ಪೂರ್ಣ ಲೋಹದ ವಿಮಾನವೇ ಅಲ್ಲ. ಅದರ ಹಿಂಬದಿಯ ಒಡಲಿಗೆ ಬಟ್ಟೆಯ ಹೊದಿಕೆ. ಮೂಗಿನಲ್ಲಿ ಮಾತ್ರ ಸಾವಿರ ಅಶ್ವಶಕ್ತಿಯ ಮರ್ಲಿನ್ ಎಂಜಿನ್ ಇತ್ತು.