ಕೆಟ್ಟ ಮೊಬೈಲು, ಹಳೇ ಟಿವಿ ಗುಜರಿಗೆ ಹಾಕಿದ ಮೇಲೆ ಏನಾಗುತ್ತೆ?

ಮಾಂಬಳ್ಳಿ: ಬೈಕಿಗೆ ಚೀಲ ಕಟ್ಟಿಕೊಂಡು, ಮೈಕಲ್ಲಿ ರೆಕಾರ್ಡ್ ಹಾಕಿಕೊಂಡು ಗುಜರಿಯವರು ಬೀದಿಗೆ ಬರೋದು ಹೊಸದೇನಲ್ಲ. ಮೊದಲು ಕಬ್ಬಿಣ, ಪೇಪರು, ಬಾಟಲಿ ಕೇಳುತ್ತಿದ್ದರು. ಈಗ ಕೆಟ್ಟ ಮೊಬೈಲು, ಹಳೇ ಟಿವಿ, ಮಿಕ್ಸಿ, ಯುಪಿಎಸ್ ಇದ್ದರೂ ಕೊಡಿ ಅಂತಾರೆ. ಕೊಡುವವರಿಗೆ ಮನೆ ಮೂಲೆ ಖಾಲಿಯಾದ ಖುಷಿ, ಜೊತೆಗೆ ಒಂದಿಷ್ಟು ಕಾಸು, ಇಲ್ಲದಿದ್ದರೆ ಒಂದು ಪ್ಲಾಸ್ಟಿಕ್ ಟಬ್ಬು. ಯಳಂದೂರು, ಕೊಳ್ಳೇಗಾಲ, ಹನೂರು ಯಾವ ಕಡೆ ಹೋದರೂ ಇದೇ ವ್ಯಾಪಾರ.

ಈ ಸಾಮಾನಿಗೆ ಸರ್ಕಾರದ ಭಾಷೆಯಲ್ಲಿ ಇ-ತ್ಯಾಜ್ಯ ಅಂತ ಹೆಸರು. ಇದರ ವ್ಯಾಪಾರ ಅರ್ಥ ಆಗಬೇಕಾದರೆ ಒಂದು ವಿಷಯ ತಿಳಿದಿರಬೇಕು. ಗುಜರಿಯವರು ಕೊಳ್ಳೋದು ಟಿವಿಯನ್ನಲ್ಲ, ಅದರೊಳಗಿನ ಲೋಹವನ್ನ. ತಾಮ್ರಕ್ಕೆ ಕಬ್ಬಿಣದ ಹತ್ತಾರು ಪಟ್ಟು ಬೆಲೆ. ಹಾಗಾಗಿ ಸಾಮಾನು ಕೈಗೆ ಬಂದ ತಕ್ಷಣ ಮೊದಲ ಕೆಲಸ ಒಡೆದು ತಾಮ್ರ ಬೇರೆ ಮಾಡೋದು.

ಹಳೇ ದಪ್ಪ ಟಿವಿಯನ್ನೇ ತೆಗೆದುಕೊಳ್ಳಿ. ಪಿಕ್ಚರ್ ಟ್ಯೂಬಿನ ಕುತ್ತಿಗೆಗೆ ಸುತ್ತಿರುವ ಕಾಯಿಲ್‌ನಲ್ಲಿ ತಾಮ್ರ ಇದೆ, ಅದಕ್ಕೆ ಗಿರಾಕಿ ಇದ್ದಾರೆ. ಬೋರ್ಡಿಗೂ ಇದ್ದಾರೆ. ಆದರೆ ಟಿವಿಯಲ್ಲಿ ಹೆಚ್ಚು ತೂಕ ಇರುವುದೇ ಗಾಜಿನ ಟ್ಯೂಬು, ಅದನ್ನು ಯಾರೂ ಕೇಳಲ್ಲ. ಆ ಗಾಜಿನಲ್ಲಿ ಕಿಲೋ ಲೆಕ್ಕದಲ್ಲಿ ಸೀಸ ಇರುತ್ತೆ. ಸೀಸ ಅಂದರೆ ಮಕ್ಕಳ ಮಿದುಳಿನ ಬೆಳವಣಿಗೆಗೆ ನೇರ ಪೆಟ್ಟು. ಬೆಲೆ ಇಲ್ಲದ ವಸ್ತುವನ್ನು ಯಾರು ಹೊತ್ತುಕೊಂಡು ಹೋಗುತ್ತಾರೆ? ಒಡೆದ ಟ್ಯೂಬು ರಸ್ತೆ ಪಕ್ಕದ ಹಳ್ಳಕ್ಕೋ, ಕೆರೆ ಅಂಚಿಗೋ ಬೀಳುತ್ತೆ. ನಮ್ಮ ಕಡೆ ಹಳ್ಳದ ನೀರು ಕೊನೆಗೆ ಸುವರ್ಣಾವತಿ ಸೇರಿ ಕಾವೇರಿಗೆ ಹೋಗುತ್ತೆ ಅನ್ನೋದು ನೆನಪಿರಲಿ.

ಅಂದಹಾಗೆ ಗಡಿಯಾಚೆ ತಮಿಳುನಾಡಲ್ಲಿ 2006ರಿಂದ 2011ರ ನಡುವೆ ಸರ್ಕಾರವೇ ಒಂದೂವರೆ ಕೋಟಿಗೂ ಹೆಚ್ಚು ಇಂಥ ಟಿವಿ ಪುಕ್ಕಟೆ ಹಂಚಿತ್ತು. ಕೊಡುವಾಗ ಕೆಟ್ಟ ಮೇಲೆ ಎಲ್ಲಿ ಹಾಕಬೇಕು ಅಂತ ಯೋಚಿಸಿದವರು ಕಡಿಮೆ.

ವೈರಿನದ್ದು ಇನ್ನೊಂದು ಕಥೆ. ಮೇಲಿನ ಪ್ಲಾಸ್ಟಿಕ್ ಸುಲಿಯುವುದಕ್ಕೆ ಹೊತ್ತು ಹಿಡಿಯುತ್ತೆ, ಬೆಂಕಿ ಹಚ್ಚಿದರೆ ಹತ್ತು ನಿಮಿಷದ ಕೆಲಸ. ಆದರೆ ಆ ಪ್ಲಾಸ್ಟಿಕ್ ಪಿವಿಸಿ. ಅದು ಉರಿದಾಗ ಬರುವ ಕಪ್ಪು ಹೊಗೆಯಲ್ಲಿ ಡಯಾಕ್ಸಿನ್ ಇರುತ್ತೆ, ಕ್ಯಾನ್ಸರ್ ತರುವಂಥದ್ದು. ಮೊದಲು ಕುಡಿಯುವವರು ಸುಡುವವರೇ.

ಬೋರ್ಡುಗಳು ಮಾತ್ರ ಊರಲ್ಲಿ ಉಳಿಯಲ್ಲ. ಕೈಯಿಂದ ಕೈಗೆ ದಾಟಿ ಬೆಂಗಳೂರಿನ ಗೌರಿಪಾಳ್ಯ, ನಾಯಂಡಹಳ್ಳಿಯಂಥ ಗುಜರಿ ಕೇರಿಗಳಿಗೆ, ಅಲ್ಲಿಂದ ದೆಹಲಿಯ ಸೀಲಂಪುರ, ಉತ್ತರ ಪ್ರದೇಶದ ಮೊರಾದಾಬಾದ್ ತನಕ ಹೋಗುವುದುಂಟು. ಕಾರಣ ಚಿನ್ನ. ಒಂದು ಟನ್ ಹಳೇ ಮೊಬೈಲಿನಲ್ಲಿ ಸುಮಾರು 300 ಗ್ರಾಂ ಚಿನ್ನ ಇರುತ್ತೆ ಅನ್ನೋದು ಲೆಕ್ಕ. ನಿಮ್ಮ ಒಂದು ಮೊಬೈಲಿನಲ್ಲಿ ಮೂಗುತಿಯ ಚೂರಿನಷ್ಟೂ ಇರಲ್ಲ, ಆದ್ದರಿಂದ ಮನೆಯಲ್ಲಿ ಪ್ರಯತ್ನ ಬೇಡ. ಆ ಕೇರಿಗಳಲ್ಲಿ ಆಸಿಡ್‌ನಲ್ಲಿ ಅದ್ದಿ ಚಿನ್ನ ತೆಗೆದು, ಉಳಿದ ಆಸಿಡ್ ಚರಂಡಿಗೆ ಬಿಡುತ್ತಾರೆ.

ಇದು ನಮ್ಮ ದೇಶದ ಕಥೆ ಮಾತ್ರ ಅಲ್ಲ. ಆಫ್ರಿಕಾದ ಘಾನಾ ದೇಶದಲ್ಲಿ ಅಗ್ಬೊಗ್‌ಬ್ಲೋಶಿ ಅನ್ನೋ ದೊಡ್ಡ ಗುಜರಿ ಬಯಲು ಇತ್ತು, ವೈರು ಸುಡುವುದಕ್ಕೇ ಹೆಸರುವಾಸಿ. 2021ರಲ್ಲಿ ಅಲ್ಲಿನ ಸರ್ಕಾರ ಅದನ್ನು ನೆಲಸಮ ಮಾಡಿಸಿತು. ಇಡೀ ಜಗತ್ತಲ್ಲಿ 2022ರಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಆಗಿದೆ ಅಂತ ವಿಶ್ವಸಂಸ್ಥೆಯ ವರದಿ ಹೇಳುತ್ತೆ. ಅದರಲ್ಲಿ ಲೆಕ್ಕಕ್ಕೆ ಸಿಕ್ಕು ಸರಿಯಾಗಿ ಮರುಬಳಕೆ ಆಗಿದ್ದು ಶೇ 22.3 ಮಾತ್ರ.

ಹಾಗಂತ ಗುಜರಿಯವರನ್ನು ಬೈದು ಪ್ರಯೋಜನ ಇಲ್ಲ. ಮನೆಬಾಗಿಲಿಗೆ ಬಂದು, ಕಾಸು ಕೊಟ್ಟು ಈ ಸಾಮಾನು ಎತ್ತಿಕೊಂಡು ಹೋಗುವವರು ಅವರೊಬ್ಬರೇ. ಮೊಬೈಲ್ ರಿಪೇರಿ ಅಂಗಡಿಯವರು ಸತ್ತ ಸೆಟ್ಟಿನಿಂದ ಡಿಸ್‌ಪ್ಲೇ, ಸ್ಪೀಕರ್ ತೆಗೆದು ಇನ್ನೊಂದಕ್ಕೆ ಹಾಕುತ್ತಾರಲ್ಲ, ಅದಕ್ಕಿಂತ ಒಳ್ಳೆ ಮರುಬಳಕೆ ಯಾವ ಫ್ಯಾಕ್ಟರಿಯಲ್ಲೂ ಇಲ್ಲ.

ಕಾನೂನು ಏನು ಹೇಳುತ್ತೆ?

ಕೇಂದ್ರದ ಹೊಸ ಇ-ತ್ಯಾಜ್ಯ ನಿಯಮ 2022ರ ನವೆಂಬರ್‌ನಲ್ಲಿ ಪ್ರಕಟವಾಗಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಟಿವಿ, ಫ್ರಿಜ್, ಮೊಬೈಲ್ ಸೇರಿ 106 ಬಗೆಯ ಸಾಮಾನು ಇದರೊಳಗೆ ಬರುತ್ತೆ. ಮಾರಿದ ಕಂಪನಿಯೇ ಇಷ್ಟು ಪ್ರಮಾಣ ಮರುಬಳಕೆ ಮಾಡಿಸಬೇಕು. ನೋಂದಣಿ ಆದ ಮರುಬಳಕೆ ಘಟಕದಿಂದ ಸರ್ಟಿಫಿಕೇಟ್ ಕೊಂಡು ಲೆಕ್ಕ ತೋರಿಸಬೇಕು. ಘಟಕಕ್ಕೆ ಕಿಲೋಗೆ ಕನಿಷ್ಠ 22 ರೂಪಾಯಿ ಕೊಡಬೇಕು ಅಂತ 2024ರಲ್ಲಿ ನಿಗದಿಯಾಯಿತು. ಜಾಸ್ತಿಯಾಯಿತು ಅಂತ ಕೆಲವು ಕಂಪನಿಗಳು ದೆಹಲಿ ಹೈಕೋರ್ಟಿಗೂ ಹೋಗಿವೆ.

ಆದರೆ ಈ ದುಡ್ಡು ಬೈಕಿನ ಚೀಲದವರೆಗೆ ಇಳಿಯುವ ದಾರಿ ನಿಯಮದಲ್ಲಿ ಕಾಣಲ್ಲ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಸರ್ಟಿಫಿಕೇಟ್ ಲೆಕ್ಕ ಹಾಕೋದು ಚಿನ್ನ, ತಾಮ್ರ, ಕಬ್ಬಿಣ, ಅಲ್ಯೂಮಿನಿಯಂ ಈ ನಾಲ್ಕು ಲೋಹದ ಮೇಲೆ. ಸೀಸದ ಗಾಜಿಗೆ ಗುಜರಿಯಲ್ಲೂ ಬೆಲೆ ಇಲ್ಲ, ಸರ್ಕಾರದ ಲೆಕ್ಕದಲ್ಲೂ ಬೆಲೆ ಇಲ್ಲ.

ಈ ಕೆಲಸ ಮಾಡುವ ಕಾರ್ಮಿಕರನ್ನು ಗುರುತಿಸಿ ನೋಂದಾಯಿಸಬೇಕು, ಗುಂಪು ಮಾಡಿಸಬೇಕು, ತರಬೇತಿ ಕೊಡಬೇಕು ಅಂತ ಅದೇ ನಿಯಮ ರಾಜ್ಯ ಸರ್ಕಾರಕ್ಕೂ ಹೇಳಿದೆ. ದೇಶದಲ್ಲೇ ಮೊದಲು ಅನುಮತಿ ಪಡೆದ ಇ-ತ್ಯಾಜ್ಯ ಘಟಕ ಇ-ಪರಿಸರ ನಮ್ಮ ರಾಜ್ಯದ್ದೇ, 2005ರಿಂದ ದಾಬಸ್‌ಪೇಟೆಯಲ್ಲಿದೆ. ಆದರೆ ಮಾಂಬಳ್ಳಿಯಿಂದ ಅಲ್ಲಿಗೆ ಬೆಂಗಳೂರು ದಾಟಿ ಹೋಗಬೇಕು. ಒಂದು ಟಿವಿಗೆ ಯಾರೂ ಅಷ್ಟು ದೂರ ಹೋಗಲ್ಲ.

ಮೊಬೈಲ್ ಕೊಡುವ ಮುಂಚೆ

2024ರ ಆಗಸ್ಟ್‌ನಲ್ಲಿ ತೆಲಂಗಾಣದ ರಾಮಗುಂಡಂನಲ್ಲಿ ಪೊಲೀಸರು ಮೂವರನ್ನು ಹಿಡಿದರು. ಅವರ ಹತ್ತಿರ ಇದ್ದದ್ದು 4,000ಕ್ಕೂ ಹೆಚ್ಚು ಹಳೇ ಮೊಬೈಲು. ಪ್ಲಾಸ್ಟಿಕ್ ಸಾಮಾನು ಕೊಟ್ಟು ಊರೂರಲ್ಲಿ ಕೂಡಿಸಿದ್ದು, ಸೈಬರ್ ವಂಚಕರಿಗೆ ಸಾಗಿಸುತ್ತಿದ್ದರು ಅನ್ನೋದು ಪೊಲೀಸರ ಆರೋಪ. ಟಬ್ಬಿಗೆ ಮೊಬೈಲ್ ಕೊಳ್ಳುವವರೆಲ್ಲ ಹಾಗೇ ಅಂತಲ್ಲ. ಆದರೆ ಸಿಮ್ಮು, ಮೆಮೊರಿ ಕಾರ್ಡ್ ತೆಗೆಯದೆ ಕೊಡಬೇಡಿ. ಆನ್ ಆಗುವ ಸೆಟ್ಟಾದರೆ ಫ್ಯಾಕ್ಟರಿ ರೀಸೆಟ್ ಮಾಡಿ, ಬರದಿದ್ದರೆ ಪರಿಚಯದ ರಿಪೇರಿ ಅಂಗಡಿಯಲ್ಲಿ ಮಾಡಿಸಿ.

ಟಿವಿ, ಫ್ರಿಜ್ ಕೊಡುವಾಗ ಒಡೆಯದೆ ಇಡಿಯಾಗಿ ಕೊಡಿ, ಮನೆ ಮುಂದೆಯೇ ಒಡೆಯಲು ಬಿಡಬೇಡಿ. ಯುಪಿಎಸ್ ಬ್ಯಾಟರಿಗೆ ಬೇರೆ ನಿಯಮ ಇದೆ, ಹೊಸದು ಕೊಳ್ಳುವ ಅಂಗಡಿಗೇ ಹಳೇದು ವಾಪಸ್ ಕೊಟ್ಟರೆ ರೇಟಿನಲ್ಲೂ ಕಡಿಮೆ ಮಾಡುತ್ತಾರೆ. ಸಿಎಫ್‌ಎಲ್ ಬಲ್ಬು, ಟ್ಯೂಬ್‌ಲೈಟಿನೊಳಗೆ ಪಾದರಸ ಇರೋದರಿಂದ ಒಡೆಯದ ಹಾಗೆ ರಟ್ಟಿನಲ್ಲಿ ಸುತ್ತಿಡಿ. ಕಸದ ಗಾಡಿಯವರಿಗೆ ಬೇರೆಯಾಗಿ ಕೊಡಿ, ತಗೊಳ್ಳಲ್ಲ ಅಂದರೆ ಪಂಚಾಯಿತಿಯಲ್ಲಿ ಕೇಳಿ. ಕಸದಲ್ಲಿ ಬೆರೆತು ಬಂದ ಇ-ತ್ಯಾಜ್ಯ ಬೇರ್ಪಡಿಸಿ ನೋಂದಾಯಿತ ಘಟಕಕ್ಕೆ ತಲುಪಿಸೋದು ಸ್ಥಳೀಯ ಸಂಸ್ಥೆಗಳ ಹೊಣೆ.

ರಿಪೇರಿ ಅಂಗಡಿಯವರು ಉಬ್ಬಿದ ಮೊಬೈಲ್ ಬ್ಯಾಟರಿಗಳನ್ನು ಬೇರೆ ಗುಜರಿ ಜೊತೆ ಒಂದೇ ಚೀಲದಲ್ಲಿ ತುಂಬಬೇಡಿ. ಚುಚ್ಚಿದರೆ ಸಾಕು, ಹೊತ್ತಿಕೊಳ್ಳುತ್ತೆ. ತುದಿಗೆ ಟೇಪ್ ಸುತ್ತಿ, ಒಣ ಮರಳು ಹಾಕಿದ ಡಬ್ಬದಲ್ಲಿ ಅಂಗಡಿ ಹೊರಗೆ ನೆರಳಲ್ಲಿ ಇಡಿ.