ಕಾಳಿ ಸೇತುವೆ ಮತ್ತು ಎಚ್ಚರಿಕೆಯ ಹೊಣೆ

ಒಬ್ಬರ ಕೆಲಸದಿಂದ ಇನ್ನೊಬ್ಬರಿಗೆ ಹಾನಿಯಾದಾಗಲೆಲ್ಲ ಕಾನೂನು ಅದನ್ನು ನಿರ್ಲಕ್ಷ್ಯವೆಂದು ಕರೆಯುವುದಿಲ್ಲ. ಹಾನಿಗೊಳಗಾದವರ ವಿಷಯದಲ್ಲಿ ಎಚ್ಚರ ವಹಿಸುವ ಹೊಣೆ ಎದುರಾಳಿಗೆ ಇತ್ತೇ, ಆ ಹೊಣೆಯನ್ನು ಆತ ಮೀರಿದನೇ, ಹಾಗೆ ಮೀರಿದ್ದರಿಂದಲೇ ಹಾನಿ ಉಂಟಾಯಿತೇ ಎಂಬ ಮೂರು ಪ್ರಶ್ನೆಗಳಿಗೂ ಹೌದೆಂಬ ಉತ್ತರ ಬಂದರೆ ಮಾತ್ರ ನಿರ್ಲಕ್ಷ್ಯ ಸಾಬೀತಾಗುತ್ತದೆ. ಉತ್ತರ ಕನ್ನಡದ ಕರಾವಳಿಯಲ್ಲಿ 2024ರ ಮಳೆಗಾಲದಲ್ಲಿ, ಸುಮಾರು ಮೂರು ವಾರಗಳ ಅಂತರದಲ್ಲಿ, ಒಂದೇ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ನಡೆದ ಎರಡು ಅವಘಡಗಳು ಈ ಪ್ರಶ್ನೆಗಳನ್ನು ಪುಸ್ತಕದಿಂದ ಬೀದಿಗೆ ತಂದವು.

ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು, ಹೆದ್ದಾರಿ ಬದಿಯ ಚಹಾ ಅಂಗಡಿಯವರೂ ಅಲ್ಲಿ ವಾಹನ ನಿಲ್ಲಿಸಿದ್ದ ಚಾಲಕರೂ ಸೇರಿ 11 ಜನ ಮಣ್ಣಿನಲ್ಲಿ, ಗಂಗಾವಳಿ ನದಿಯಲ್ಲಿ ಸಿಲುಕಿ ಬಲಿಯಾದರು. ಕೇರಳದ ಚಾಲಕರೊಬ್ಬರ ಲಾರಿಯನ್ನೂ ದೇಹವನ್ನೂ ನದಿಯಿಂದ ಮೇಲೆತ್ತುವ ಹೊತ್ತಿಗೆ ಸೆಪ್ಟೆಂಬರ್ ತಿಂಗಳ ಕೊನೆ ಬಂದಿತ್ತು. ಆಗಸ್ಟ್ 7ರ ನಡುರಾತ್ರಿ ದಾಟಿದ ಮೇಲೆ ಕಾರವಾರದ ಕೋಡಿಬಾಗವನ್ನೂ ಸದಾಶಿವಗಡವನ್ನೂ ಕೂಡಿಸುವ ನಾಲ್ಕು ದಶಕ ಹಳೆಯ ಕಾಳಿ ಸೇತುವೆ ಕುಸಿದು, ಅದರ ಮೇಲಿದ್ದ ಲಾರಿಯೊಂದು ನದಿಗೆ ಬಿತ್ತು. ಅದರ ಚಾಲಕನನ್ನು ಪೊಲೀಸರೂ ಸ್ಥಳೀಯ ಮೀನುಗಾರರೂ ಜೀವಂತವಾಗಿ ದಡಕ್ಕೆ ತಂದರು. ಪಕ್ಕದಲ್ಲಿ ಹೊಸ ಸೇತುವೆ ಇದ್ದುದರಿಂದ ಗೋವಾ ಗಡಿಯ ಮಾಜಾಳಿ, ಚಿತ್ತಾಕುಲ, ಅಸ್ನೋಟಿ ಕಡೆಯವರಿಗೆ ಕಾರವಾರದ ಆಸ್ಪತ್ರೆ, ಕೋರ್ಟು, ಕಾಲೇಜುಗಳ ದಾರಿ ಪೂರ್ತಿ ಕಡಿದುಹೋಗಲಿಲ್ಲ. ಹೆದ್ದಾರಿ ಪ್ರಾಧಿಕಾರ ಮತ್ತು ಗುತ್ತಿಗೆ ಕಂಪನಿಯ ಮೇಲೆ ಪೊಲೀಸರು ಪ್ರಕರಣ ದಾಖಲಿಸಿದರು. ತಪ್ಪು ಯಾರದೆಂದು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ. ಆದರೆ ಯಾವ ಅಳತೆಗೋಲಿನಿಂದ ಅದು ತೀರ್ಮಾನವಾಗುತ್ತದೆ ಎಂಬುದು ಆ ದಾರಿಯಲ್ಲಿ ದಿನವೂ ಓಡಾಡುವವರೆಲ್ಲ ತಿಳಿದಿರಬೇಕಾದ ಸಂಗತಿ.

ಎಚ್ಚರಿಕೆಯ ಹೊಣೆಗೆ ಈಗಿನ ರೂಪ ಕೊಟ್ಟದ್ದು ಬ್ರಿಟನ್ನಿನ 1932ರ ಒಂದು ತೀರ್ಪು. ಸ್ಕಾಟ್ಲೆಂಡಿನ ಪೇಸ್ಲಿ ಎಂಬ ಊರಿನ ಕೆಫೆಯಲ್ಲಿ ಶುಂಠಿ ಪಾನೀಯ ಕುಡಿದ ಡೊನಹ್ಯೂ ಎಂಬ ಮಹಿಳೆ, ಬಾಟಲಿಯಲ್ಲಿ ಕೊಳೆತ ಬಸವನಹುಳು ಇತ್ತೆಂದು ತಯಾರಕನ ಮೇಲೆ ದಾವೆ ಹೂಡಿದಳು. ಅವಳಿಗೂ ತಯಾರಕನಿಗೂ ಯಾವ ಕರಾರೂ ಇರಲಿಲ್ಲ, ಪಾನೀಯದ ದುಡ್ಡನ್ನು ಕೊಟ್ಟವಳು ಕೂಡ ಅವಳ ಗೆಳತಿ. ಆದರೂ ತನ್ನ ಕೆಲಸದಿಂದ ಯಾರಿಗೆ ತೊಂದರೆಯಾಗಬಹುದೆಂದು ಮುಂದಾಗಿಯೇ ಊಹಿಸಲು ಸಾಧ್ಯವೋ ಅವರೆಲ್ಲರ ವಿಷಯದಲ್ಲೂ ಎಚ್ಚರದಿಂದಿರಬೇಕೆಂದು ಲಾರ್ಡ್ ಅಟ್ಕಿನ್ ಹೇಳಿದರು. ಈ ಲೆಕ್ಕದಲ್ಲಿ ಸೇತುವೆ ನೋಡಿಕೊಳ್ಳುವವರು ಮಾಜಾಳಿಯ ಮೀನು ಮಾರುವವಳ ಹೆಸರನ್ನೇ ಕೇಳಿರದಿದ್ದರೂ ಅವಳಿಗೆ ಹೊಣೆಗಾರರು.

ಭಾರತದ ಸುಪ್ರೀಂ ಕೋರ್ಟು ಇದನ್ನು ಇನ್ನಷ್ಟು ಬಿಗಿಗೊಳಿಸಿದ್ದು 1966ರಲ್ಲಿ, ದೆಹಲಿಯ ಚಾಂದನಿ ಚೌಕದ ಗಡಿಯಾರ ಗೋಪುರದ ಮೊಕದ್ದಮೆಯಲ್ಲಿ. ಗೋಪುರಕ್ಕೆ 80 ವರ್ಷ ವಯಸ್ಸಾಗಿತ್ತು. ಅದಕ್ಕೆ ಬಳಸಿದ್ದ ಗಾರೆಯನ್ನು ನೋಡಿದರೆ ಅದರ ಮೇಲ್ಭಾಗದ ಆಯುಸ್ಸು 40ರಿಂದ 45 ವರ್ಷ ಮಾತ್ರ. ಗೋಪುರ ಬೀದಿಯಲ್ಲಿದ್ದವರ ಮೇಲೆ ಬಿದ್ದಾಗ, ದೋಷ ಹೊರಗೆ ಕಾಣುತ್ತಿರಲಿಲ್ಲ ಎಂದು ನಗರಪಾಲಿಕೆ ವಾದಿಸಿತು. ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಜನ ಓಡಾಡುವ ದಾರಿಯ ಬದಿಯ ಕಟ್ಟಡವನ್ನು ಕಾಲಕಾಲಕ್ಕೆ ಪರಿಶೀಲಿಸುವುದೇ ಮಾಲೀಕನ ಹೊಣೆಯಾದ್ದರಿಂದ, ನೋಡದೆ ಇದ್ದವನು ಕಾಣಲಿಲ್ಲವೆಂದು ಹೇಳುವಂತಿಲ್ಲ. ಅಂಥ ಕಟ್ಟಡ ತಾನಾಗಿ ಬಿದ್ದಿತೆಂದರೆ ಆ ಬೀಳುವಿಕೆಯೇ ನಿರ್ಲಕ್ಷ್ಯಕ್ಕೆ ಸಾಕ್ಷಿ, ಬೇರೆ ಕಾರಣವಿದ್ದರೆ ಅದನ್ನು ತೋರಿಸಬೇಕಾದವನು ಮಾಲೀಕ. ಇದೇ ನ್ಯಾಯಾಲಯ 1997ರಲ್ಲಿ, ರಾಜಕೋಟ್‌ನಲ್ಲಿ ರಸ್ತೆಬದಿಯ ಮರ ಬಿದ್ದು ದಾರಿಹೋಕನೊಬ್ಬ ಸತ್ತ ಪ್ರಕರಣದಲ್ಲಿ ಮಾತ್ರ ನಗರಪಾಲಿಕೆಯನ್ನು ಹೊಣೆಯಿಂದ ಬಿಡಿಸಿತು. ಪ್ರತಿಯೊಂದು ಮರವನ್ನೂ ಸದಾ ಪರೀಕ್ಷಿಸುತ್ತಿರಬೇಕೆನ್ನುವುದು ಅತಿಯಾದ ನಿರೀಕ್ಷೆಯೆಂಬುದು ಆ ತೀರ್ಪಿನ ಒಳತಿರುಳು. ಲಕ್ಷಾಂತರ ಮರಗಳ ಊರಿಗೆ ಈ ಮಾತು ಸರಿಯಿರಬಹುದು. ಎಣಿಸಿದರೆ ಬೆರಳೆಣಿಕೆಯಷ್ಟಿರುವ ನದಿಸೇತುವೆಗಳಿಗೆ ಅದನ್ನು ಅನ್ವಯಿಸಲಾಗದು.

ಪರಿಶೀಲನೆಯೆಂದರೆ ಸೇತುವೆಯ ಮೇಲೆ ಜೀಪು ಓಡಿಸಿಕೊಂಡು ಹೋಗುವುದಲ್ಲ. ಕಾಳಿ ನದಿ ಕಡಲು ಸೇರುವ ಅಳಿವೆಯ ಬಳಿಯ ನೀರು ಉಪ್ಪುನೀರು. ಉಪ್ಪಿನ ಅಂಶ ಕಾಂಕ್ರೀಟಿನೊಳಗೆ ಇಳಿದು ಕಬ್ಬಿಣದ ಸರಳನ್ನು ಮುಟ್ಟಿದಾಗ ತುಕ್ಕು ಹಿಡಿಯುತ್ತದೆ, ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಕಾಂಕ್ರೀಟು ಒಳಗಿನಿಂದಲೇ ಬಿರಿದು ಸಿಪ್ಪೆಯೇಳುತ್ತದೆ. ಪ್ರವಾಹದ ಸೆಳೆತಕ್ಕೆ ಕಂಬಗಳ ಬುಡದ ಮರಳು ಕೊಚ್ಚಿಹೋಗಿ ತಳಪಾಯ ಬಯಲಾಗುವುದೂ ಉಂಟು. ಇದನ್ನೆಲ್ಲ ದೋಣಿಯಲ್ಲಿ ಕೆಳಗೆ ಹೋಗಿ, ಅಗತ್ಯವಿದ್ದರೆ ಮುಳುಗುಗಾರರನ್ನು ಇಳಿಸಿ ನೋಡಬೇಕು, ನೋಡಿದ್ದನ್ನು ದಿನಾಂಕ ಹಾಕಿ ಬರೆದಿಡಬೇಕು. ಹೀಗೆ ಸೇತುವೆಗಳನ್ನು ಪರಿಶೀಲಿಸುವ ವಿಧಾನವನ್ನು ಇಂಡಿಯನ್ ರೋಡ್ಸ್ ಕಾಂಗ್ರೆಸ್ ಬಹುಕಾಲದಿಂದ ಪ್ರಕಟಿಸುತ್ತ ಬಂದಿರುವುದರಿಂದ, ಏನು ಮಾಡಬೇಕೆಂಬುದು ವೃತ್ತಿಯವರಿಗೆ ಗೊತ್ತಿಲ್ಲದ ವಿಷಯವೇನಲ್ಲ.

ವೃತ್ತಿಪರರ ನಿರ್ಲಕ್ಷ್ಯವನ್ನು ಅಳೆಯುವುದೂ ಇಲ್ಲಿಂದಲೇ. ಬ್ರಿಟನ್ನಿನ 1957ರ ಬೋಲಂ ಪ್ರಕರಣದಿಂದ ಬಂದ ನಿಯಮದಂತೆ ವೈದ್ಯನಾಗಲಿ ಎಂಜಿನಿಯರನಾಗಲಿ ತನ್ನ ವೃತ್ತಿಯ ಅತಿ ಶ್ರೇಷ್ಠನಂತೆ ವರ್ತಿಸಬೇಕಾಗಿಲ್ಲ, ಸಾಮಾನ್ಯ ಕುಶಲತೆಯುಳ್ಳವನು ತೋರುವ ಎಚ್ಚರ ತೋರಿದರೆ ಸಾಕು. 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಲ್ಲಿ ಇದನ್ನು ಒಪ್ಪಿಕೊಂಡ ಸುಪ್ರೀಂ ಕೋರ್ಟು, ಪರಿಹಾರ ಕೇಳುವ ಸಿವಿಲ್ ದಾವೆಗೆ ಸಾಮಾನ್ಯ ನಿರ್ಲಕ್ಷ್ಯ ಸಾಕಾದರೂ ಜೈಲಿಗೆ ಕಳುಹಿಸಲು ಘೋರ ನಿರ್ಲಕ್ಷ್ಯವೇ ಬೇಕು ಎಂದಿತು.

ಶಿರೂರಿನಂಥಲ್ಲಿ ಎದುರಾಳಿಯ ಮೊದಲ ಮಾತು ಮಳೆಯದೇ ಆಗಿರುತ್ತದೆ. ಯಾರೂ ಊಹಿಸಲಾಗದ ಪ್ರಕೃತಿವಿಕೋಪವನ್ನು ಕಾನೂನು ‘ದೈವಕೃತ್ಯ’ವೆಂದು ಕರೆದು ಮನುಷ್ಯನನ್ನು ಹೊಣೆಯಿಂದ ಬಿಡಿಸುವುದು ನಿಜ. ಆದರೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಕರಾವಳಿಯಲ್ಲಿ ಆಷಾಢದ ಮಳೆ ಊಹೆಗೆ ನಿಲುಕದ್ದೆಂದು ಹೇಳುವುದು ಹಾಸ್ಯಾಸ್ಪದ. ಗುಡ್ಡದ ಬುಡವನ್ನು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸದೆ ಕಡಿದಾಗಿ ಕತ್ತರಿಸಿದಾಗ, ಒಳಗಿಳಿದ ನೀರಿಗೆ ಹೊರಹೋಗುವ ದಾರಿ ಮಾಡದಿದ್ದಾಗ, ಮಳೆ ನೆಪ ಮಾತ್ರ.

ದಂಡನೆಯ ಕಾನೂನು ಈ ವಿಷಯದಲ್ಲಿ ವಿಚಿತ್ರವಾಗಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಂತೆ ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಐದು ವರ್ಷದವರೆಗೆ ಸಜೆಯಾಗಬಹುದು, ಚಿಕಿತ್ಸೆಯ ವೇಳೆ ತಪ್ಪಿದ ನೋಂದಾಯಿತ ವೈದ್ಯನಿಗೆ ಮಾತ್ರ ಎರಡು ವರ್ಷದವರೆಗೆ. ಸಾವಿಲ್ಲದೆ ಸಾಮಾನ್ಯ ಗಾಯವಷ್ಟೇ ಆದರೆ 125ನೇ ಕಲಮು ಹೇಳುವುದು ಆರು ತಿಂಗಳವರೆಗಿನ ಸಜೆ. ಅಂದರೆ ಎಚ್ಚರಗೇಡಿತನ ಅಷ್ಟೇ ಇದ್ದರೂ, ನದಿಗೆ ಬಿದ್ದವನನ್ನು ಮೀನುಗಾರರು ಎಳೆದು ತಂದರೆ ಹೊಣೆಗಾರನ ಶಿಕ್ಷೆಯೂ ಇಳಿಯುತ್ತದೆ. ರಸ್ತೆಯ ಸುರಕ್ಷತೆಯ ಮಾನದಂಡ ಪಾಲಿಸದ ಗುತ್ತಿಗೆದಾರ, ಸಲಹೆಗಾರ, ಪ್ರಾಧಿಕಾರಗಳಿಗೆಂದೇ 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿಸಿದ 198ಎ ಕಲಮು, ಸಾವು ಅಥವಾ ಅಂಗವೈಕಲ್ಯ ಉಂಟಾದಾಗ ವಿಧಿಸುವ ದಂಡದ ಮಿತಿ ಒಂದು ಲಕ್ಷ ರೂಪಾಯಿ. ಕೋಟಿಗಟ್ಟಲೆ ರೂಪಾಯಿಯ ಹೆದ್ದಾರಿ ಗುತ್ತಿಗೆಗಳ ಎದುರು ಇದು ಚಿಲ್ಲರೆ ಕಾಸು.

ನಿಜವಾದ ಬಿಸಿ ಮುಟ್ಟಬೇಕಾದದ್ದು ಸಿವಿಲ್ ದಾವೆಯಿಂದ. ಸತ್ತವರ ಕುಟುಂಬ 1855ರ ಮಾರಕ ಅಪಘಾತಗಳ ಕಾಯ್ದೆಯಡಿ ಹಾನಿಭರ್ತಿ ಕೇಳಬಹುದು, ಆದರೆ ಎರಡು ವರ್ಷದೊಳಗೆ ಕೇಳಬೇಕು, ಜೊತೆಗೆ ವಕೀಲರ ಖರ್ಚನ್ನೂ ವರ್ಷಗಟ್ಟಲೆಯ ಅಲೆದಾಟವನ್ನೂ ಹೊರಬೇಕು. ಅಷ್ಟರಲ್ಲಿ ಸರ್ಕಾರದ ಪರಿಹಾರ ಕೈಸೇರಿರುತ್ತದೆ. ಶಿರೂರಿನ ಮೃತರ ಕುಟುಂಬಗಳಿಗೆ ರಾಜ್ಯ ಘೋಷಿಸಿದ್ದು ತಲಾ ಐದು ಲಕ್ಷ ರೂಪಾಯಿ. ಅದು ಅಗತ್ಯದ ನೆರವೇ ಹೌದು. ಆದರೆ ತಪ್ಪು ಯಾರದೆಂದು ಕೇಳದೆ, ತೆರಿಗೆದಾರರ ಹಣದಿಂದ ಕೊಡುವ ಈ ನೆರವು ತಪ್ಪಿತಸ್ಥನ ಜೇಬಿಗೆ ಕೈಹಾಕುವುದಿಲ್ಲ, ಮುಂದಿನ ಸಲ ಅವನು ಎಚ್ಚರದಿಂದಿರಲು ಕಾರಣವನ್ನೂ ಒದಗಿಸುವುದಿಲ್ಲ.

ಅವಘಡಕ್ಕೆ ಮುಂಚೆಯೇ ನಾಗರಿಕರ ಕೈಯಲ್ಲಿರುವ ದಾರಿ 2005ರ ಮಾಹಿತಿ ಹಕ್ಕು ಕಾಯ್ದೆ. ಹತ್ತು ರೂಪಾಯಿ ಶುಲ್ಕ ಕಟ್ಟಿ, ಈಗ ಬಳಕೆಯಲ್ಲಿರುವ ಸೇತುವೆಯನ್ನು ಕೊನೆಯ ಬಾರಿ ಯಾವಾಗ ಪರಿಶೀಲಿಸಲಾಯಿತು, ವರದಿಯಲ್ಲಿ ಏನಿದೆ, ಸೂಚಿಸಿದ ದುರಸ್ತಿ ಆಯಿತೇ ಎಂದು ಹೆದ್ದಾರಿ ಪ್ರಾಧಿಕಾರವನ್ನು ಕೇಳಬಹುದು; ಉತ್ತರಕ್ಕೆ 30 ದಿನಗಳ ಗಡುವು, ವ್ಯಕ್ತಿಯ ಜೀವಕ್ಕೆ ಸಂಬಂಧಿಸಿದ ಮಾಹಿತಿಯಾದರೆ 48 ಗಂಟೆ. ಬಿರುಕು ಕಂಡವರು ಅದನ್ನು ಬರೆದುಕೊಟ್ಟು ಸ್ವೀಕೃತಿಯ ಮೊಹರು ಹಾಕಿಸಿಕೊಂಡರೆ, ಮುಂದೆ ಕಟಕಟೆಯಲ್ಲಿ ನಿಲ್ಲುವ ಅಧಿಕಾರಿಗೆ ತನಗೆ ಗೊತ್ತಿರಲಿಲ್ಲವೆಂಬ ವಾದ ಉಳಿಯುವುದಿಲ್ಲ.