ಬಾಣದ ಗರಿ, ಕಲ್ಪನೆಯ ನೌಕೆ: ಮಾದರಿ ರಾಕೆಟ್ ಕಟ್ಟುವ ವಿದ್ಯೆ

ಕನ್ನಡದಲ್ಲಿ 'ಬಾಣಬಿರುಸು' ಎಂಬ ಜೋಡುನುಡಿ ಬಹುಕಾಲದಿಂದ ಬಳಕೆಯಲ್ಲಿದೆ. ಬಿಲ್ಲಿನಿಂದ ಚಿಮ್ಮುವುದೂ ಬಾಣ, ಮದ್ದಿನ ಬಲದಿಂದ ಆಕಾಶಕ್ಕೇರುವುದೂ ಬಾಣ. ನೆರೆಯ ಮರಾಠಿಯಲ್ಲಿಯೂ ದೀಪಾವಳಿಯ ರಾಕೆಟ್ಟಿಗೆ ಬಾಣವೆಂದೇ ಹೆಸರು. ಈ ಎರಡು ವಸ್ತುಗಳಿಗೆ ಒಂದೇ ಹೆಸರು ಬಂದುದು ಕೇವಲ ಆಕಸ್ಮಿಕವಲ್ಲ. ಇವೆರಡೂ ನೇರವಾಗಿ ಹಾರಬೇಕಾದರೆ ಪಾಲಿಸಬೇಕಾದ ನಿಯಮ ಒಂದೇ. ಬಾಣದ ಮುಂತುದಿಯಲ್ಲಿ ಭಾರವಾದ ಅಲಗು, ಹಿಂತುದಿಯಲ್ಲಿ ಹಗುರವಾದ ಗರಿ. ಈ ಕ್ರಮವನ್ನು ತಿರುಗುಮುರುಗು ಮಾಡಿದರೆ ಬಾಣ ಗುರಿಯತ್ತ ಸಾಗದೆ ಗಾಳಿಯಲ್ಲಿ ಮಗುಚಿಕೊಳ್ಳುತ್ತದೆ.

ದೀಪಾವಳಿಯ ರಾಕೆಟ್ಟಿಗೆ ಉದ್ದನೆಯ ಕಡ್ಡಿಯನ್ನು ಕಟ್ಟುವುದು ಇದೇ ಕಾರಣಕ್ಕೆ. ಹೈದರ್ ಅಲಿ ಮತ್ತು ಟಿಪ್ಪುವಿನ ಸೈನ್ಯದ ಮೈಸೂರು ರಾಕೆಟ್ಟುಗಳಲ್ಲಿ ಮದ್ದನ್ನು ತುಂಬುವ ಕೊಳವೆ ಕಬ್ಬಿಣದ್ದಾಗಿತ್ತು. ಅದಕ್ಕೆ ಉದ್ದನೆಯ ಬಿದಿರಿನ ಗಳುವನ್ನು ಬಿಗಿಯುತ್ತಿದ್ದರು. 1780ರ ಪೊಳ್ಳಿಲೂರು ಕಾಳಗದಲ್ಲಿ ಅವುಗಳ ಪೆಟ್ಟನ್ನು ಉಂಡ ಇಂಗ್ಲಿಷರು ಮುಂದೆ ಅವನ್ನು ತಮ್ಮ ದೇಶಕ್ಕೆ ಒಯ್ದು ಪರಿಶೀಲಿಸಿದರು. ವಿಲಿಯಂ ಕಾಂಗ್ರೀವನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ರೂಪಿಸಿದ ರಾಕೆಟ್ಟುಗಳ ಹಿಂದೆ ಈ ಪರಿಶೀಲನೆಯಿತ್ತು. ಬಿದಿರಿನ ಆ ಗಳು ಬಾಣದ ಗರಿಯ ಕೆಲಸವನ್ನೇ ಮಾಡುತ್ತಿತ್ತು.

ಈ ಹಳೆಯ ನಿಯಮ ಇಂದು ಅತ್ಯಂತ ಕುತೂಹಲಕರವಾಗಿ ಪರೀಕ್ಷೆಗೊಳಗಾಗುವುದು ಒಂದು ಹವ್ಯಾಸದಲ್ಲಿ. ಕಾಗದದ ಕೊಳವೆ ಹಾಗೂ ಹಗುರ ಮರದ ಹಲಗೆಗಳಿಂದ ಮಾದರಿ ರಾಕೆಟ್ಟನ್ನು ಕಟ್ಟಿ, ಅದಕ್ಕೆ ವಿಜ್ಞಾನಕಥೆಗಳ ಅಂತರಿಕ್ಷನೌಕೆಯ ರೂಪವನ್ನು ಕೊಟ್ಟು, ನಿಜವಾಗಿ ಹಾರಿಸುವುದೇ ಆ ಹವ್ಯಾಸ. ಕಲ್ಪನೆಯು ಗಾಳಿಗೆ ಉತ್ತರ ಹೇಳಬೇಕಾದ ಪ್ರಸಂಗವಿದು. ಆದುದರಿಂದ ಸಾಹಿತ್ಯದ ವಿದ್ಯಾರ್ಥಿಗಳಿಗೂ ಇದರಲ್ಲಿ ಯೋಚಿಸತಕ್ಕ ವಿಷಯವಿದೆ.

ಹವ್ಯಾಸದ ಹುಟ್ಟು

ಮಾದರಿ ರಾಕೆಟ್ಟಿನ ತವರು ಅಮೆರಿಕ. ನೆಬ್ರಾಸ್ಕಾ ರಾಜ್ಯದ ನಾರ್ಫೋಕ್ ಎಂಬ ಊರಿನಲ್ಲಿ ಪಾದರಕ್ಷೆಯ ಅಂಗಡಿಯನ್ನಿಟ್ಟಿದ್ದ ಆರ್ವಿಲ್ ಕಾರ್ಲೈಲ್ ತನ್ನ ಸೋದರ ರಾಬರ್ಟನ ಜೊತೆಗೂಡಿ 1954ರಲ್ಲಿ ಇಂಥ ಮೊದಲ ರಾಕೆಟ್ಟನ್ನು ರೂಪಿಸಿದನು. ಬಾಣಬಿರುಸಿನ ವಿದ್ಯೆ ಆತನ ಹವ್ಯಾಸವಾಗಿತ್ತು. ಕ್ಷಿಪಣಿ ಪರೀಕ್ಷೆಗಳ ನೆಲೆಯಾದ ವೈಟ್ ಸ್ಯಾಂಡ್ಸಿನಲ್ಲಿ ಕೆಲಸಮಾಡುತ್ತಿದ್ದ ಜಿ. ಹ್ಯಾರಿ ಸ್ಟೈನ್ ಆಗ ಒಂದು ಕಳವಳವನ್ನು ವ್ಯಕ್ತಪಡಿಸಿದ್ದನು. ಮನೆಯಲ್ಲಿಯೇ ಮದ್ದು ಅರೆದು, ಲೋಹದ ಕೊಳವೆಗಳಲ್ಲಿ ತುಂಬಿ, ರಾಕೆಟ್ ಹಾರಿಸಹೋಗಿ ಹುಡುಗರು ಗಾಯಗೊಳ್ಳುತ್ತಿದ್ದ ಕಾಲವದು. ಆ ಬಗೆಗೆ ಆತ ಬರೆದ ಲೇಖನವನ್ನು ಓದಿದ ಕಾರ್ಲೈಲ್ ತನ್ನ ಮಾದರಿಗಳನ್ನು ಆತನಿಗೆ ಕಳುಹಿಸಿಕೊಟ್ಟನು. 1957ರಲ್ಲಿ ಅಮೆರಿಕದ ರಾಷ್ಟ್ರೀಯ ರಾಕೆಟ್ ಹವ್ಯಾಸಿಗಳ ಸಂಘ ಸ್ಥಾಪನೆಯಾಯಿತು. ಮರುವರ್ಷ ವರ್ನ್ ಎಸ್ಟೆಸ್ ಎಂಬಾತ ಈ ರಾಕೆಟ್ಟುಗಳ ಎಂಜಿನ್ನುಗಳನ್ನು ತಯಾರಿಸುವ ಯಂತ್ರವೊಂದನ್ನು ನಿರ್ಮಿಸಿದನು.

ಇದರಿಂದ ಮದ್ದನ್ನು ಮುಟ್ಟುವ ಅಪಾಯಕರ ಕೆಲಸ ಹವ್ಯಾಸಿಯ ಕೈಯಿಂದ ಕಾರ್ಖಾನೆಗೆ ಹೋಯಿತು. ಆಕಾರವನ್ನು ಕಲ್ಪಿಸುವ, ಕಟ್ಟುವ, ಅಲಂಕರಿಸುವ ಕೆಲಸ ಆತನಿಗೆ ಉಳಿಯಿತು. ಈ ಹವ್ಯಾಸದ ಅಡಿಗಲ್ಲು ಈ ವಿಂಗಡಣೆಯೇ ಆಗಿದೆ.

ಕಥೆಯಿಂದ ಬಂದ ಆಕಾರ

ರಾಕೆಟ್ಟಿಗೂ ಕಥೆಗೂ ಇರುವ ನಂಟು ಹಳೆಯದು. ಫ್ರಿಟ್ಸ್ ಲಾಂಗ್ 1929ರಲ್ಲಿ ನಿರ್ದೇಶಿಸಿದ ಚಂದ್ರಯಾನದ ಮೂಕಿ ಚಿತ್ರಕ್ಕೆ ರಾಕೆಟ್ ವಿಜ್ಞಾನಿ ಹರ್ಮನ್ ಓಬರ್ತ್ ಸಲಹೆಗಾರನಾಗಿದ್ದನು. ಉಡಾವಣೆಗೆ ಮುನ್ನ ಅಂಕೆಗಳನ್ನು ಹಿಂದುಹಿಂದಾಗಿ ಎಣಿಸುವ ಪದ್ಧತಿಯನ್ನು ಜನಪ್ರಿಯಗೊಳಿಸಿದ್ದು ಆ ಚಿತ್ರವೇ. ಬೆಲ್ಜಿಯಂನ ಚಿತ್ರಕಥೆಗಾರ ಎರ್ಜೆ 1953ರ ತನ್ನ ಟಿನ್‌ಟಿನ್ ಪುಸ್ತಕದಲ್ಲಿ ಬಿಡಿಸಿದ ಕೆಂಪು ಬಿಳಿ ಚೌಕಳಿಯ ಚಂದ್ರನೌಕೆಯು ಜರ್ಮನಿಯ ವಿ-2 ಕ್ಷಿಪಣಿಯ ಆಕಾರದಿಂದ ಪ್ರೇರಣೆ ಪಡೆದಿತ್ತು. ಹೀಗೆ ವಿಜ್ಞಾನ ಕಥೆಗೆ, ಕಥೆ ವಿಜ್ಞಾನಕ್ಕೆ ಸಾಲ ಕೊಡುತ್ತಲೇ ಬಂದಿವೆ.

ಆದರೆ ಕಥೆಯ ನೌಕೆ ಸಾಮಾನ್ಯವಾಗಿ ಶೂನ್ಯಾಕಾಶದಲ್ಲಿ ಸಂಚರಿಸುವಂಥದು. ಅಲ್ಲಿ ಗಾಳಿಯಿಲ್ಲ; ಆದುದರಿಂದ ಕಥೆಗಾರನು ಮೂತಿಯ ಬಳಿ ಅಗಲವಾದ ರೆಕ್ಕೆಗಳನ್ನು, ಪಕ್ಕದಲ್ಲಿ ದಪ್ಪ ಕೊಳವೆಗಳನ್ನು, ಬೆನ್ನಿನ ಮೇಲೆ ಗೋಪುರವನ್ನು ನಿಶ್ಚಿಂತೆಯಿಂದ ಇರಿಸಬಲ್ಲನು. ಅದೇ ಆಕಾರವನ್ನು ಹೊತ್ತ ಮಾದರಿ ಹಾರಬೇಕಾದದ್ದು ನಮ್ಮ ನೆಲದ ಮೇಲಿನ ಗಾಳಿಯಲ್ಲಿ. ಸಮಸ್ಯೆ ಹುಟ್ಟುವುದು ಇಲ್ಲಿಯೇ.

ಎರಡು ಕೇಂದ್ರಗಳ ನಿಯಮ

ಪ್ರತಿ ರಾಕೆಟ್ಟಿನಲ್ಲಿಯೂ ಎರಡು ಬಿಂದುಗಳನ್ನು ಗುರುತಿಸಬೇಕು. ಮೊದಲನೆಯದು ಗುರುತ್ವಕೇಂದ್ರ. ರಾಕೆಟ್ಟನ್ನು ಬೆರಳಿನ ಮೇಲೆ ಅಡ್ಡಲಾಗಿಟ್ಟಾಗ ಎತ್ತಲೂ ವಾಲದೆ ನಿಲ್ಲುವ ಜಾಗವೇ ಅದು. ಎರಡನೆಯದು ಒತ್ತಡಕೇಂದ್ರ. ರಾಕೆಟ್ಟಿನ ಮೈಮೇಲೆ ಗಾಳಿಯು ಪಕ್ಕದಿಂದ ಹಾಕುವ ಒತ್ತಡವೆಲ್ಲವೂ ಯಾವ ಬಿಂದುವಿನಲ್ಲಿ ಒಟ್ಟುಗೂಡಿದಂತೆ ವರ್ತಿಸುತ್ತದೆಯೋ ಆ ಬಿಂದು. ಹಾರುವ ರಾಕೆಟ್ಟು ಗುರುತ್ವಕೇಂದ್ರದ ಸುತ್ತ ತಿರುಗುತ್ತದೆ. ಒತ್ತಡಕೇಂದ್ರವು ಅದಕ್ಕಿಂತ ಹಿಂದೆ ಇದ್ದರೆ, ರಾಕೆಟ್ಟು ತುಸು ವಾಲಿದಾಗ ಗಾಳಿಯು ಬಾಲವನ್ನು ತಳ್ಳಿ ಮೂತಿಯನ್ನು ಮತ್ತೆ ದಾರಿಗೆ ತರುತ್ತದೆ. ಮುಂದೆ ಇದ್ದರೆ ಅದೇ ಗಾಳಿ ವಾಲಿಕೆಯನ್ನು ಹೆಚ್ಚಿಸುತ್ತದೆ. ರಾಕೆಟ್ಟು ಲಾಗ ಹಾಕುತ್ತ ಎಲ್ಲಿ ಬೇಕಾದರೂ ನುಗ್ಗುತ್ತದೆ. ಸುತ್ತ ನಿಂತವರ ಕಡೆಗೂ ನುಗ್ಗಬಹುದು. ಆದುದರಿಂದ ಗುರುತ್ವಕೇಂದ್ರವು ಒತ್ತಡಕೇಂದ್ರಕ್ಕಿಂತ ಕನಿಷ್ಠ ಕೊಳವೆಯ ಒಂದು ವ್ಯಾಸದಷ್ಟಾದರೂ ಮುಂದಿರಬೇಕೆಂಬುದು ರೂಢಿಯ ನಿಯಮ.

ಒತ್ತಡಕೇಂದ್ರವನ್ನು ಕಂಡುಕೊಳ್ಳಲು ನಾಸಾದಲ್ಲಿದ್ದ ಜೇಮ್ಸ್ ಬ್ಯಾರೋಮನ್ 1960ರ ದಶಕದಲ್ಲಿ ಸರಳ ಸಮೀಕರಣಗಳನ್ನು ಹವ್ಯಾಸಿಗಳಿಗೆ ಒದಗಿಸಿದನು. ಈಗ ಓಪನ್‌ರಾಕೆಟ್ ಎಂಬ ಉಚಿತ ತಂತ್ರಾಂಶ ಆ ಲೆಕ್ಕವನ್ನು ಕ್ಷಣದಲ್ಲಿ ಮಾಡಿಕೊಡುತ್ತದೆ. ಫಿನ್‌ಲೆಂಡಿನ ವಿದ್ಯಾರ್ಥಿಯೊಬ್ಬನ ಸ್ನಾತಕೋತ್ತರ ಪ್ರಬಂಧದಿಂದ ಹುಟ್ಟಿದ ತಂತ್ರಾಂಶವದು. ಗಣಿತ ಬೇಡವೆನ್ನುವವರಿಗೆ ಹಳೆಯ ದಾರಿಯೊಂದಿದೆ. ರಾಕೆಟ್ಟಿನ ಪಕ್ಕನೋಟದ ಆಕೃತಿಯನ್ನು ರಟ್ಟಿನಲ್ಲಿ ಕತ್ತರಿಸಿ, ಅಳತೆಪಟ್ಟಿಯ ಅಂಚಿನ ಮೇಲೆ ತೂಗಿ ನಿಲ್ಲಿಸಬೇಕು. ಅದು ನಿಲ್ಲುವ ಜಾಗವನ್ನು ಒತ್ತಡಕೇಂದ್ರವೆಂದು ಹಿಡಿದರೆ ಲೆಕ್ಕ ಅತಿ ಎಚ್ಚರದ್ದಾಗುತ್ತದೆ, ಆದರೆ ಮೋಸವಾಗುವುದಿಲ್ಲ. ಕಟ್ಟಿ ಮುಗಿದ ಮೇಲೆ ಎಂಜಿನ್ನನ್ನೂ ಇಟ್ಟು, ಗುರುತ್ವಕೇಂದ್ರದಲ್ಲಿ ದಾರ ಕಟ್ಟಿ, ತಲೆಯ ಸುತ್ತ ಬೀಸಿ ನೋಡುವುದು ಇನ್ನೊಂದು ಪರೀಕ್ಷೆ. ಮೂತಿ ಮುಂದಾಗಿ ಸುತ್ತಿದರೆ ರಾಕೆಟ್ಟು ಹಾರಲು ಯೋಗ್ಯ.

ವಿಜ್ಞಾನಕಥೆಯ ನೌಕೆ ಮೊದಲ ಲೆಕ್ಕದಲ್ಲಿ ಸಾಮಾನ್ಯವಾಗಿ ಸೋಲುತ್ತದೆ. ಮುಂದಿನ ರೆಕ್ಕೆಗಳು ಒತ್ತಡಕೇಂದ್ರವನ್ನು ಮುಂದಕ್ಕೆ ಎಳೆದಿರುತ್ತವೆ. ಆಗ ಮೂರು ಉಪಾಯಗಳಿವೆ: ಹಿಂದಿನ ರೆಕ್ಕೆಗಳನ್ನು ದೊಡ್ಡದು ಮಾಡುವುದು, ಕೊಳವೆಯನ್ನು ಉದ್ದಗೊಳಿಸುವುದು, ಮೂತಿಯೊಳಗೆ ಜೇಡಿಯಂಥ ಭಾರವನ್ನು ತುಂಬುವುದು. ಮೂರನೆಯದು ಸುಲಭ, ಆದರೆ ಪ್ರತಿ ಗ್ರಾಮಿಗೂ ಎಂಜಿನ್ನು ಬೆಲೆ ತೆರಬೇಕು. ಸಾಮಾನ್ಯ ಬಳಕೆಯ ಸಿ6-5 ಎಂಜಿನ್ನನ್ನು ತೆಗೆದುಕೊಳ್ಳೋಣ. ಅದರ ಅಕ್ಷರ ಒಟ್ಟು ತಳ್ಳುಬಲದ ವರ್ಗವನ್ನು ಸೂಚಿಸುತ್ತದೆ. ಪ್ರತಿ ಮುಂದಿನ ಅಕ್ಷರಕ್ಕೂ ಗರಿಷ್ಠ ಮಿತಿ ಇಮ್ಮಡಿಯಾಗುತ್ತದೆ, ಸಿ ವರ್ಗದ ಮಿತಿ 10 ನ್ಯೂಟನ್-ಸೆಕೆಂಡ್. ಆರು ಎಂಬುದು ನ್ಯೂಟನ್ನುಗಳಲ್ಲಿ ಸರಾಸರಿ ನೂಕುಬಲ. ಐದು ಎಂಬುದು ಮದ್ದು ಉರಿದು ಮುಗಿದ ಮೇಲೆ ಪ್ಯಾರಾಚೂಟ್ ಹೊರಬರುವವರೆಗಿನ ಸೆಕೆಂಡುಗಳು. ಈ ಎಂಜಿನ್ನು ಎತ್ತಬಹುದಾದ ಒಟ್ಟು ಭಾರ ಸುಮಾರು 113 ಗ್ರಾಂ ಮಾತ್ರ. ನೌಕೆಯ ಸಮಸ್ತ ವೈಭವವೂ ಈ ತೂಕದೊಳಗೆ ಅಡಗಬೇಕು.

ಕಟ್ಟುವ ಕ್ರಮ

ಮೈಗೆ ಕಾಗದದ ಕೊಳವೆ, ರೆಕ್ಕೆಗೆ ಬಾಲ್ಸಾ ಎಂಬ ಹಗುರ ಮರದ ತೆಳುಹಲಗೆ, ಮೂತಿಗೆ ಮರ ಅಥವಾ ಪ್ಲಾಸ್ಟಿಕ್. ಮೂತಿ, ಮೈ, ರೆಕ್ಕೆಗಳಿಗೆ ಲೋಹವನ್ನು ಬಳಸಕೂಡದೆಂಬುದು ಹವ್ಯಾಸಿಗಳ ಸುರಕ್ಷಾ ನಿಯಮ. ರೆಕ್ಕೆಯನ್ನು ಕತ್ತರಿಸುವಾಗ ಮರದ ಎಳೆಗಳು ರೆಕ್ಕೆಯ ಮುಂಬದಿಯ ಅಂಚಿಗೆ ಸಮಾಂತರವಾಗಿರಬೇಕು; ಇಲ್ಲವಾದರೆ ನೆಲಕ್ಕೆ ತಾಗಿದೊಡನೆ ರೆಕ್ಕೆ ಎಳೆಯ ಗುಂಟ ಸೀಳುತ್ತದೆ. ರೆಕ್ಕೆ ಮತ್ತು ಕೊಳವೆ ಕೂಡುವ ಮೂಲೆಯಲ್ಲಿ ಮರದ ಅಂಟನ್ನು ಬೆರಳಿನಿಂದ ಸವರಿ ಒಳಬಾಗಿದ ಅಂಚನ್ನು ಮೂಡಿಸಿದರೆ ಬೆಸುಗೆ ಗಟ್ಟಿಯಾಗುತ್ತದೆ, ಗಾಳಿಯೂ ಸರಾಗವಾಗಿ ಜಾರುತ್ತದೆ.

ನೌಕೆಯ ಪಕ್ಕದ ಕೊಳವೆ, ಗೋಪುರ, ಫಿರಂಗಿಗಳಿಗೆ ಬೇಕಾದ ಸಾಮಗ್ರಿ ಮನೆಯಲ್ಲಿಯೇ ದೊರೆಯುತ್ತದೆ. ಪೆನ್ನಿನ ಮುಚ್ಚಳ, ಹಲ್ಲುಕಡ್ಡಿ, ಹಳೆಯ ಆಟಿಕೆಯ ಚೂರು, ಪ್ಲಾಸ್ಟಿಕ್ ಚಮಚದ ಬಟ್ಟಲು ಇವೆಲ್ಲ ಬಣ್ಣ ಬಳಿದ ಮೇಲೆ ಗುರುತು ಸಿಗದಂತೆ ಯಂತ್ರಭಾಗಗಳಾಗುತ್ತವೆ. ಆದರೆ ಎಡಕ್ಕೆ ಇಟ್ಟುದು ಬಲಕ್ಕೂ ಇರಬೇಕು. ಒಂದೇ ಪಕ್ಕದಲ್ಲಿ ಭಾರವೋ ಗಾಳಿಯ ತಡೆಯೋ ಹೆಚ್ಚಾದರೆ ರಾಕೆಟ್ಟು ಆ ಕಡೆಗೆ ಬಾಗುತ್ತದೆ.

ಮೆರುಗಿನ ಕೆಲಸ

ಕಟ್ಟುವುದಕ್ಕಿಂತ ಹೆಚ್ಚಿನ ಕಾಲ ಮೆರುಗಿಗೆ ಬೇಕು. ಬಾಲ್ಸಾದ ರಂಧ್ರಗಳೂ ಕೊಳವೆಯ ಮೇಲಿನ ಸುರುಳಿಗೆರೆಯೂ ಕಂಡರೆ ಅಂತರಿಕ್ಷನೌಕೆಯ ಭ್ರಮೆ ಅಲ್ಲಿಗೇ ಮುರಿಯುತ್ತದೆ. ನೀರಿನಲ್ಲಿ ತೆಳುಗೊಳಿಸಿದ ಮರದ ಪುಟ್ಟಿಯನ್ನು ಸವರಿ, ಒಣಗಿದ ಮೇಲೆ 220 ಅಂಕೆಯ ಸ್ಯಾಂಡ್ ಪೇಪರಿನಿಂದ ಉಜ್ಜಬೇಕು. ಬಳಿಕ ಪ್ರೈಮರ್ ಹೊಡೆದು 400ರಿಂದ ನಯಗೊಳಿಸಬೇಕು. ತಗ್ಗು ಕಂಡಲ್ಲಿ ಮತ್ತೆ ಪುಟ್ಟಿ, ಮತ್ತೆ ಉಜ್ಜುವಿಕೆ. ಬಳಿದ ಪುಟ್ಟಿಯ ಬಹುಭಾಗವನ್ನು ಉಜ್ಜಿ ತೆಗೆಯುವುದೇ ಇಲ್ಲಿನ ಕೌಶಲ. ಅದು ತಗ್ಗುಗಳಲ್ಲಿ ಮಾತ್ರ ಉಳಿಯಬೇಕು.

ಬಣ್ಣವನ್ನು ಒಮ್ಮೆಗೇ ದಪ್ಪವಾಗಿ ಹೊಡೆಯದೆ ತೆಳುವಾದ ಹಲವು ಪದರಗಳಲ್ಲಿ ಹೊಡೆಯಬೇಕು. ಕೆಂಪು, ಹಳದಿಗಳಂಥ ಬಣ್ಣಗಳು ಹೊಳೆಯಬೇಕಾದರೆ ಅಡಿಯಲ್ಲಿ ಬಿಳಿ ಬೇಕು. ತೇವದ ಹವೆಯಲ್ಲಿ ಹೊಡೆದರೆ ಕೆಲವು ಬಣ್ಣಗಳ ಮೇಲೆ ಹಾಲಿನಂಥ ಮಬ್ಬು ಕಟ್ಟುತ್ತದೆ. ಒಣಗಿದ ಮೇಲೆ ಮೊನಚಾದ ಪೆನ್ಸಿಲ್ಲಿನಿಂದ ಗೆರೆಗಳನ್ನೆಳೆದರೆ ಲೋಹದ ತಗಡುಗಳನ್ನು ಜೋಡಿಸಿದಂತೆ ತೋರುತ್ತದೆ. ಹಿಂತುದಿಯಲ್ಲಿ ಕಪ್ಪು ಸೀಮೆಸುಣ್ಣದ ಪುಡಿಯನ್ನು ತಿಕ್ಕಿದರೆ ಹಲವು ಯಾನಗಳನ್ನು ಮುಗಿಸಿ ಬಂದ ನೌಕೆಯ ಮಸಿ ಕಾಣುತ್ತದೆ. ನೀರಿನಲ್ಲಿ ನೆನೆಸಿ ಜಾರಿಸುವ ಅಂಟುಚಿತ್ರಗಳಿಂದ ಹೆಸರು, ಅಂಕೆ, ಲಾಂಛನಗಳನ್ನು ಕೂರಿಸಿ, ಕೊನೆಗೆ ಪಾರದರ್ಶಕ ಲೇಪವನ್ನು ಕೊಡಬೇಕು.

ಇಲ್ಲಿಯೂ ಮೊದಲ ನಿಯಮ ಬೆನ್ನು ಬಿಡುವುದಿಲ್ಲ. ರೆಕ್ಕೆಗಳು ಹಿಂದಿರುವುದರಿಂದ ಪುಟ್ಟಿ ಮತ್ತು ಬಣ್ಣದ ತೂಕ ಹೆಚ್ಚಾಗಿ ಹಿಂದಕ್ಕೇ ಸೇರುತ್ತದೆ. ಗುರುತ್ವಕೇಂದ್ರ ಹಿಂದೆ ಸರಿಯುತ್ತದೆ. ಬಣ್ಣವಿಲ್ಲದಾಗ ಸ್ಥಿರವಾಗಿದ್ದ ರಾಕೆಟ್ಟು ಬಣ್ಣ ಬಳಿದ ಮೇಲೆ ಅಸ್ಥಿರವಾಗಬಹುದು. ಆದುದರಿಂದ ಅಲಂಕಾರ ಮುಗಿದ ಬಳಿಕ ಮತ್ತೊಮ್ಮೆ ತೂಗಿ ನೋಡುವುದು ಕಡ್ಡಾಯ. ಕ್ಷೇಮೇಂದ್ರನ ಔಚಿತ್ಯ ವಿಚಾರವನ್ನು ಓದಿದ ವಿದ್ಯಾರ್ಥಿಗಳಿಗೆ ಈ ಮಾತು ಹೊಸದೆನಿಸದು. ತಕ್ಕ ಸ್ಥಾನದಲ್ಲಿದ್ದಾಗ ಮಾತ್ರ ಅಲಂಕಾರವು ಅಲಂಕಾರ. ಕಾವ್ಯದಲ್ಲಿ ಅದು ತಪ್ಪಿದರೆ ಸಹೃದಯನಿಗೆ ಬೇಸರ; ಇಲ್ಲಿ ತಪ್ಪಿದರೆ ಕಟ್ಟಿದ್ದೆಲ್ಲ ನೆಲಕ್ಕಪ್ಪಳಿಸುತ್ತದೆ.

ಏರುವುದು, ಇಳಿಯುವುದು

ಹಾರಿಸುವಾಗ ರಾಕೆಟ್ಟು ನೆಟ್ಟಗೆ ನಿಲ್ಲಿಸಿದ ಸಲಾಕೆಯ ಗುಂಟ ಜಾರಿ ಮೇಲೇರುತ್ತದೆ; ರೆಕ್ಕೆಗಳಿಗೆ ಗಾಳಿಯ ಹಿಡಿತ ಸಿಗುವಷ್ಟು ವೇಗ ಬರುವವರೆಗೆ ಆ ಸಲಾಕೆಯೇ ದಾರಿ ತೋರಬೇಕು. ಕಿಡಿ ಹೊತ್ತಿಸುವುದು ದೂರದಿಂದ, ವಿದ್ಯುತ್ತಿನ ಮೂಲಕ. ಸಣ್ಣ ಎಂಜಿನ್ನಿಗೂ ಕನಿಷ್ಠ 15 ಅಡಿ ದೂರವಿರಬೇಕು. ಸಿ6 ಎಂಜಿನ್ನು ಎರಡು ಸೆಕೆಂಡಿನೊಳಗೆ ಉರಿದು ಮುಗಿಯುತ್ತದೆ. ಆಮೇಲೆ ನೌಕೆಯು ಬಂದ ವೇಗದಿಂದಲೇ ಮೇಲೇರುತ್ತ ಹೊಗೆಯ ಗೆರೆಯನ್ನು ಎಳೆಯುತ್ತದೆ. ತುದಿ ಮುಟ್ಟುವ ಹೊತ್ತಿಗೆ ಒಳಗಿನ ಸಣ್ಣ ಸಿಡಿತ ಮೂತಿಯನ್ನು ಕಳಚಿ ಪ್ಯಾರಾಚೂಟನ್ನು ಹೊರದೂಡುತ್ತದೆ. ಅದು ಸುಟ್ಟುಹೋಗದಂತೆ ಬೆಂಕಿ ತಾಳುವ ಕಾಗದವನ್ನು ನಡುವೆ ಇಟ್ಟಿರಬೇಕು. ಮೂತಿಗೆ ಭಾರ ತುಂಬಿದ ರಾಕೆಟ್ಟಿನಲ್ಲಿ ಪ್ಯಾರಾಚೂಟ್ ತೆರೆಯದಿದ್ದರೆ ಅದು ಈಟಿಯಂತೆ ಬೀಳುತ್ತದೆಂಬುದನ್ನು ಮರೆಯಕೂಡದು. ಏರುವ ಸೊಬಗಿಗಿಂತ ಇಳಿಯುವ ವ್ಯವಸ್ಥೆಗೆ ಹೆಚ್ಚಿನ ಗಮನ ಸಲ್ಲಬೇಕು.

ಈ ಬಗೆಯ ಎಂಜಿನ್ನುಗಳು ನಮ್ಮ ಪೇಟೆಗಳಲ್ಲಿ ಸುಲಭವಾಗಿ ದೊರೆಯುವಂಥವಲ್ಲ. ದೊರೆಯಲಿಲ್ಲವೆಂದು ಪಟಾಕಿಯ ಮದ್ದನ್ನು ಬಿಚ್ಚಿ ತುಂಬುವ ಸಾಹಸ ಸಲ್ಲದು. 1884ರ ಸ್ಫೋಟಕಗಳ ಕಾಯ್ದೆಯಂತೆ ಪರವಾನಗಿಯಿಲ್ಲದೆ ಮದ್ದು ತಯಾರಿಸುವುದು ಅಪರಾಧ. ಕಾನೂನಿನ ಮಾತಿರಲಿ, ಸ್ಟೈನನನ್ನು ಕಳವಳಗೊಳಿಸಿದ್ದು ಇಂಥ ಸಾಹಸದಲ್ಲಿ ಗಾಯಗೊಂಡ ಮಕ್ಕಳ ಕೈಗಳೇ ಅಲ್ಲವೇ? ಚಾರ್ಟ್ ಕಾಗದದ ಸುರುಳಿಯಿಂದ ನೌಕೆಯನ್ನು ಕಟ್ಟಿ, ತೂಗಿ, ದಾರ ಕಟ್ಟಿ ಬೀಸಿ ನೋಡಲು ಮಾತ್ರ ಯಾವ ಅಡ್ಡಿಯೂ ಇಲ್ಲ. ಎರಡು ಕೇಂದ್ರಗಳ ಪಾಠ ಅಷ್ಟರಿಂದಲೇ ಮನದಟ್ಟಾಗುತ್ತದೆ.

ಕನ್ನಡದಲ್ಲಿ ರಾಜಶೇಖರ ಭೂಸನೂರಮಠ, ಮರಾಠಿಯಲ್ಲಿ ಜಯಂತ ನಾರಳೀಕರ ಮುಂತಾದವರು ಬೆಳೆಸಿದ ವಿಜ್ಞಾನಕಥೆಯನ್ನು ಓದುವವರು ಈ ಪಾಠವನ್ನು ನೆನಪಿನಲ್ಲಿಡುವುದು ಒಳಿತು. ವಿಜ್ಞಾನಕಥೆಯಲ್ಲಿ ಕಲ್ಪನೆಗೆ ಹೇರಳವಾದ ಸ್ವಾತಂತ್ರ್ಯವಿದೆ. ಆದರೆ ಕಥೆಗಾರನು ತಾನೇ ಒಪ್ಪಿಕೊಂಡ ನಿಯಮವನ್ನು ನಡುದಾರಿಯಲ್ಲಿ ಮುರಿದರೆ ಕಥೆಯೂ ಲಾಗ ಹಾಕುತ್ತದೆ. ಮುಂದೆ ಅಲಗಿನ ಭಾರ, ಹಿಂದೆ ಗರಿಯ ಹಗುರತನ ಎರಡೂ ತಮ್ಮ ತಮ್ಮ ಜಾಗದಲ್ಲಿದ್ದರೆ ಬಾಣ ಎಷ್ಟು ವಿಚಿತ್ರವಾದ ವೇಷವನ್ನು ತೊಟ್ಟರೂ ನೇರವಾಗಿಯೇ ಹೋಗುತ್ತದೆ. ಹಾರಿ ಇಳಿದ ನೌಕೆಯ ಒಂದು ರೆಕ್ಕೆಯ ಬಣ್ಣ ಕೆತ್ತಿಹೋಗಿರಬಹುದು. ಅದನ್ನು ಉಜ್ಜಿ, ಮತ್ತೆ ಬಳಿದು, ಮತ್ತೆ ತೂಗಿ ನೋಡಿದರೆ ಅದು ಮುಂದಿನ ಯಾನಕ್ಕೆ ಸಿದ್ಧ.